ನಾಲ್ಕು ಹರಳಿನ ನೀರು

"ಅಲ್ಲೇ ನಿಂತ್ಕಳೆ ಮುಂಡೇದೆ! ಸಗಣಿ ಕಾಲ್ನ ತಂದು ವಸ್ಲು ಮ್ಯಾಲೆ ಮಡಗ್ತಾಳೆ. ಕಣ್ಣೇನ್ ಓಗವಾ ನಿಂಗೆ?"

ಜಯಪ್ರಕಾಶ್ ಗೌಡರು ಹೀಗೆ ಬೈದದ್ದು ನನಗೆ. ಹೊಸ್ತಿಲ ಮೇಲೆ ನಾನು ಕಾಲಿಟ್ಟಿರಲಿಲ್ಲ. ಒಳಗೆ ಗೌಡರ ತಾಯಿ ದೇವಿರಮ್ಮ, ನಾವೆಲ್ಲ ದೊಡ್ಡವ್ವಾರು ಅನ್ನುವವರು, ಈಯುವ ಹಸುವಿನ ಹಾಗೆ ಅರಚಿಕೊಂಡಿದ್ದರು. ಏನಾಯಿತೋ ಎಂದು ಕೊಟ್ಟಿಗೆಯಿಂದ ಬಾಗಿಲ ತನಕ ಓಡಿ ಬಂದಿದ್ದೆ, ಅಷ್ಟೆ. ಇಪ್ಪತ್ತೆರಡು ವರ್ಷದಿಂದ ಆ ಮನೆಯ ಕೊಟ್ಟಿಗೆ ಬಾಚುತ್ತಿದ್ದೇನೆ. ಹೊಸ್ತಿಲು ಎಲ್ಲಿದೆ ಎಂದು ಕತ್ತಲಲ್ಲೂ ನನ್ನ ಕಾಲಿಗೆ ಗೊತ್ತು.

ದೊಡ್ಡವ್ವಾರಿಗೆ ಸರ್ಪಸುತ್ತು ಆಗಿತ್ತು. ಸೊಂಟದ ಎಡಗಡೆ ಗುಳ್ಳೆ ಎದ್ದು ಬೆನ್ನಿನ ಕಡೆಗೆ ಸಾಲು ಹಿಡಿದಿತ್ತು. ಸರ್ಪದ ತಲೆಯೂ ಬಾಲವೂ ಸೊಂಟ ಸುತ್ತಿ ಬಂದು ಕೂಡಿದರೆ ಜೀವ ಉಳಿಯುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಅದಕ್ಕೇ ಮೊದಲು ಕುಂಬಾರರ ಕೆಂಪಯ್ಯನನ್ನು ಕರೆಸಿ, ಗುಳ್ಳೆಗಳ ಸುತ್ತ ಕೆಮ್ಮಣ್ಣಿನಲ್ಲಿ ಗೆರೆ ಬರೆಸಿದರು. ಐದು ದಿನ ಬರೆಸಿದರು. ಮಣ್ಣಿನ ಕೆಳಗೆ ಗುಳ್ಳೆ ಒಡೆದು, ಕೀವಾಗಿ, ಸೀರೆ ಅಂಟಿಕೊಂಡು, ಕೊನೆಗೆ ಕಾರಿನಲ್ಲಿ ಮದ್ದೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಗೌಡರಿಗೆ ಚೆನ್ನಾಗಿ ಉಗಿದರಂತೆ. ಈ ಸುದ್ದಿ ಕೇಳಿ ನನಗೆ ಆದ ಸಂತೋಷವನ್ನು ಎಲ್ಲಿಡಲಿ.

ಮಾತ್ರೆ ಕೊಟ್ಟಿದ್ದರು. ಜೊತೆಗೆ ಒಂದು ಪೊಟ್ಟಣ ನೇರಳೆ ಬಣ್ಣದ ಹರಳು. ಅದನ್ನು ನೀರಿಗೆ ಹಾಕಿ, ಬಟ್ಟೆ ಅದ್ದಿ, ದಿನಕ್ಕೆ ಎರಡು ಸಲ ಗಾಯದ ಮೇಲೆ ಇಡಬೇಕು. ಇಡುವವರು ಯಾರು? ಗೌಡರ ಹೆಂಡತಿ ರಮ್ಯಶ್ರೀ ಮಂಡ್ಯದವರು. ಕೊರೊನಾ ಹೋಗಿ ಇಷ್ಟು ಕಾಲವಾದರೂ ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿದಂತೆ ಔಷಧಿ ನೀರಿನ ಸ್ಪ್ರೇ ಬಾಟಲಿ ಇಟ್ಟುಕೊಂಡೇ ಓಡಾಡುತ್ತಾರೆ. ಅವರು ಅತ್ತೆಯ ಕೋಣೆಯ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು ನಿಂತರು.

ನಾನು ಅಂಗಳದಿಂದಲೇ ಕೂಗಿದೆ. "ನಾನ್ ತೊಳೀತೀನಿ ಬುದ್ದಿ. ನಂಗೆ ಚಿಕ್ಕೋಳಿದ್ದಾಗ್ಲೇ ಮೈಮ್ಯಾಲೆ ಅಮ್ಮ ಎದ್ದೋಗದೆ, ಅಂಟಲ್ಲ."

ರಮ್ಯಶ್ರೀ ನನ್ನ ಕೈ ನೋಡಿದರು. "ಆ ಕೈಯಲ್ಲಾ? ಥೂ, ನೋಡಿದ್ರೇ ವಾಂತಿ ಬರುತ್ತೆ. ನಿಮ್ಮ ಕೇರೀಲೇ ಇನ್ನೊಬ್ಬಳಿದ್ದಾಳಲ್ಲ, ಮಂಡ್ಯ ನರ್ಸಿಂಗ್ ಹೋಮಲ್ಲಿ ಇದ್ದವಳು? ಅವಳನ್ನ ಕರಿ."

ಆ ಇನ್ನೊಬ್ಬಳು ಪ್ರಿಯಾಂಕ. ನನ್ನ ಮೈದುನ ಸ್ವಾಮಿಯ ಹೆಂಡತಿ, ನನಗೆ ವಾರಗಿತ್ತಿ. ನಮ್ಮ ಮನೆಗೆ ಬಂದು ಒಂದೂವರೆ ವರ್ಷವೂ ಆಗಿಲ್ಲ. ಮದುವೆಗೆ ಮುಂಚೆ ಎರಡು ವರ್ಷ ಆಯಾ ಕೆಲಸ ಮಾಡಿದ್ದಳು. ಅವಳನ್ನು ಕರೆಯಲು ನನ್ನನ್ನೇ ಕಳಿಸಿದರು. ದಾರಿಯುದ್ದಕ್ಕೂ ಅವಳು ಮನೆಯಲ್ಲಿ ಇರದಿರಲಿ ಎಂದು ಬೇಡಿಕೊಂಡೆ. ಇದ್ದಳು.

ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ದುಪಟ್ಟ ಸೊಂಟಕ್ಕೆ ಸುತ್ತಿಕೊಂಡು ನಿಂತವಳಿಗೆ ಗೌಡರೇ ದಾರಿ ಬಿಟ್ಟರು. "ಬಾರವ್ವ ಒಳೀಕೆ, ಬಾ. ಕಾಯ್ಲೆ ಕಸಾಲೆ ಅಂದ್ಮ್ಯಾಲೆ ಜಾತಿ ನೋಡಕಾಯ್ತದಾ" ಅಂದರು. ಅವಳು ಹಿಂದೆ ಮುಂದೆ ನೋಡದೆ ಒಳಗೆ ಹೋಗಿಬಿಟ್ಟಳು. ನಾನು ಪೊರಕೆ ಹಿಡಿದು ಅಂಗಳದಲ್ಲೇ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು.

ದೊಡ್ಡವ್ವಾರ ಕೋಣೆಯ ಕಿಟಕಿ ಹಿತ್ತಲ ಕಡೆಗಿದೆ. ಅದರ ಪಕ್ಕದಲ್ಲೇ ಬಚ್ಚಲ ಹಂಡೆಯ ಒಲೆ. ಒಲೆಯ ಬಾಯಿ ಹೊರಗಡೆಗೆ ಇರುವುದರಿಂದ ಅದಕ್ಕೆ ತೆಂಗಿನ ಗರಿ ತುರುಕಿ ಉರಿ ಹಾಕುವುದು ನನ್ನ ಕೆಲಸ. ಉರಿ ನನ್ನದು, ನೀರು ಅವರದು. ಹಂಡೆ ಮುಟ್ಟುವ ಹಾಗಿಲ್ಲ. ಆದರೆ ಕಿಟಕಿ ನೋಡಬೇಡ ಎಂದು ಯಾರೂ ಹೇಳಿರಲಿಲ್ಲ. ನೋಡಿದೆ. ಆ ವಾರವೆಲ್ಲ ನಾನು ಹಾಕಿದಷ್ಟು ಉರಿಯನ್ನು ಆ ಒಲೆ ಜನ್ಮದಲ್ಲಿ ಕಂಡಿರಲಿಲ್ಲ.

ಪ್ರಿಯಾಂಕನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದರು. ತಲೆಯ ಮೇಲೆ ಫ್ಯಾನು. ಕೈಗೆ ಬಿಳಿ ಗ್ಲೌಸು, ಹೊತ್ತಿಗೊಂದು ಹೊಸ ಜೊತೆ. ನನ್ನ ಕಾಲ್ಬೆರಳ ಸಂದಿಗಳು ಗಂಜಲದಲ್ಲಿ ನಿಂತು ನಿಂತು ಬೆಂದು ಬಿರಿದಿವೆ. ಒಂದು ಜೊತೆ ರಬ್ಬರ್ ಬೂಟು ಕೊಡಿಸಿ ಬುದ್ದಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೇನೆ. ಅವಳಿಗೆ ಕೇಳದೆಯೇ ದಿನಕ್ಕೆ ಎರಡು ಜೊತೆ.

"ನೋಡಿ ಮೇಡಂ" ಎಂದು ಅವಳು ರಮ್ಯಶ್ರೀಗೆ ಪಾಠ ಹೇಳುತ್ತಿದ್ದಳು. ನಾವು ಅವ್ವಾರೆ ಅನ್ನುವವರನ್ನು ಇವಳು ಮೇಡಂ ಅನ್ನುತ್ತಾಳೆ, ಗೌಡರನ್ನು ಸಾರ್ ಅನ್ನುತ್ತಾಳೆ. "ಇಷ್ಟು ನೀರಿಗೆ ನಾಲ್ಕೇ ಹರಳು. ಕಣಗಿಲೆ ಹೂವಿನ ಬಣ್ಣ ಬಂದ್ರೆ ಸಾಕು. ನೇರಳೆ ಬಣ್ಣ ಆಯ್ತು ಅಂದ್ರೆ ಚೆಲ್ಬುಡಿ, ಚರ್ಮ ಸುಡ್ತದೆ. ಕೈಗೂ ಹತ್ಕಂಡು ಕಂದು ಕಲೆ ಬಿದ್ರೆ ವಾರ ಆದ್ರೂ ಓಗಲ್ಲ."

"ಇಷ್ಟು ತೆಳ್ಳಗಿದ್ರೆ ಆ ರೋಗದ ಹುಳ ಸಾಯುತ್ತಾ?"

"ಈ ನೀರು ಅದನ್ನ ಸಾಯ್ಸಲ್ಲ ಮೇಡಂ. ಅದಕ್ಕೆ ಮಾತ್ರೆ. ಒಡೆದ ಗುಳ್ಳೆಗೆ ಬೇರೆ ನಂಜು ಸೇರ್ಕಂಡು ಕೀವಾಗದಂಗೆ ಈ ನೀರು ಕಾಯ್ತದೆ, ಅಷ್ಟೇ."

ಮೊದಲ ದಿನ ಅವಳು ಒಣಗಿದ ಕೆಮ್ಮಣ್ಣನ್ನು ನೆನೆಸಿ ನೆನೆಸಿ ಬಿಡಿಸಿದಳು. ಎಳೆಯಲಿಲ್ಲ, ಉಜ್ಜಲಿಲ್ಲ. ಬಟ್ಟೆ ಇಟ್ಟ ಮೇಲೆ ದೊಡ್ಡವ್ವಾರು ಕಣ್ಣು ಮುಚ್ಚಿ, "ತಣ್ಗದೆ ಕಣವ್ವ, ತಣ್ಗದೆ" ಎಂದು ಅವಳ ಮೊಣಕೈ ಹಿಡಿದುಕೊಂಡರು. ಅವರು ನನ್ನನ್ನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಮುಟ್ಟಿಲ್ಲ. ಕೊಡುವ ಹಳಸಿದ ಮುದ್ದೆಯನ್ನೂ ಮೇಲಿಂದ ಬೀಳಿಸುತ್ತಾರೆ. ನನ್ನ ಕೈಯಲ್ಲಿದ್ದ ತೆಂಗಿನ ಗರಿ ಯಾವಾಗ ಮುರಿಯಿತೋ ತಿಳಿಯಲಿಲ್ಲ.

ಕಾಫಿಯ ವಿಚಾರ ಇನ್ನೂ ಸಂಕಟದ್ದು. ನನ್ನ ಲೋಟ ಕೊಟ್ಟಿಗೆಯ ಗೂಡಿನಲ್ಲಿರುತ್ತದೆ. ಹಸಿರು ಪ್ಲಾಸ್ಟಿಕ್ಕಿನದು, ಅಂಚು ಸೀಳಿದೆ, ನಾನೇ ತೊಳೆದು ನಾನೇ ಇಡಬೇಕು. ಪ್ರಿಯಾಂಕನಿಗೆ ಹೂವಿನ ಚಿತ್ರದ ಪೇಪರ್ ಲೋಟ. ನನಗೆ ವರ್ಷಗಟ್ಟಲೆ ಅದೇ ಒಂದು ಲೋಟ, ಅವಳಿಗೆ ದಿನಾ ಹೊಸದು!

ಒಂದೇ ಒಂದು ಸುಖ ನನಗಿತ್ತು. ಸಂಜೆ ಅವಳು ಹೋದ ಮೇಲೆ ರಮ್ಯಶ್ರೀ ಆ ಕುರ್ಚಿಯನ್ನು ಕಾಲಲ್ಲಿ ತಳ್ಳಿಕೊಂಡು ಹಿತ್ತಲ ಬಾಗಿಲಿಗೆ ತರುತ್ತಿದ್ದರು. ಅದಕ್ಕೆ ಬಾಟಲಿಯಿಂದ ಪುಸ್ ಪುಸ್ ಎಂದು ಹೊಡೆದು, "ತೊಳಿ ನಂಜಿ" ಅನ್ನುತ್ತಿದ್ದರು. ನನ್ನ ಹೆಸರು ಚಿಕ್ಕನಂಜಮ್ಮ. ಅವರಿಗೆ ನಂಜಿ. ಅವಳು ಕೂತಿದ್ದ ಜಾಗಕ್ಕೆ ಫಿನಾಯಿಲ್ ಸುರಿದು ತೆಂಗಿನ ನಾರಿನಲ್ಲಿ ತಿಕ್ಕುವಾಗ ನನ್ನ ಎದೆ ತಣ್ಣಗಾಗುತ್ತಿತ್ತು. ಮೇಡಂ ಅಂತೆ, ಸಾರ್ ಅಂತೆ. ತಿಕ್ಕಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕಾಲೋನಿಯ ನಲ್ಲಿಯ ಹತ್ತಿರ ಸಿಕ್ಕಳು. ಸಾಲಿನಲ್ಲಿ ಐದಾರು ಹೆಂಗಸರಿದ್ದರು.

"ದಾರಿ ಬುಡ್ರವ್ವ, ದಾರಿ ಬುಡಿ" ಅಂದೆ. "ಗೌಡ್ರ ಪಡಸಾಲೆ ಮಾರಾಣಿ ಬಂದವ್ಳೆ. ನಾವು ಮುಟ್ಬುಟ್ಟೇವು."

ಅವಳು ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ. "ನಿನ್ ಕಾಲ್ ತೋರ್ಸಕ್ಕ. ನೋಡು, ಬೆರಳ ಸಂದಿ ಎಲ್ಲಾ ಎಂಗ್ ಬೆಂದದೆ. ರಾತ್ರಿ ಬಾ, ತೊಳ್ದು ಒಣಗ್ಸಿ ಮುಲಾಮು ಅಚ್ತೀನಿ. ಗಾಯದ ಇಚಾರ ಪೋನಲ್ಲಿ ಕೇಳ್ತಿದ್ನಲ್ಲ, ಆ ಡಾಕ್ಟ್ರು ಬರೋ ತಿಂಗ್ಳಿಂದ ಮದ್ದೂರ್ ಕ್ಲಿನಿಕ್ಕಿಗೇ ಕೆಲ್ಸಕ್ ಬಾ ಅಂದವ್ರೆ. ಅಲ್ಲಿ ಸೇರ್ಕಂಡ್ರೆ ನಿಂಗೂ ಔಷ್ದಿ ತತ್ತೀನಿ."

"ನನ್ ಕಾಲ್ ಇಚಾರ ನಿಂಗ್ಯಾಕ್ಲೇ, ಬೋಸುಡಿ?" ಎಂದು ಕೊಡ ಕಿತ್ತುಕೊಂಡು ಬಂದೆ. ಮದ್ದೂರ್ ಕ್ಲಿನಿಕ್ಕು! ನಿನ್ನೆ ಮೊನ್ನೆ ಬಂದವಳು. ಮನೆಗೆ ಬಂದು ನನ್ನ ಗಂಡ ಮಾದಯ್ಯನ ಮುಂದೆ ಅತ್ತೆ. ಕಾಲು ನೋಯ್ತದಾ ಎಂದು ಕೇಳಿದ. ಹೂಂ ಅಂದೆ.

ಭಾನುವಾರ ಪ್ರಿಯಾಂಕ ಮಳವಳ್ಳಿಗೆ ತವರಿಗೆ ಹೋದಳು. ತಾಯಿಗೆ ಹುಷಾರಿಲ್ಲ, ಒಂದು ದಿನ ನೀವೇ ಇಡಿ ಮೇಡಂ, ನಾಲ್ಕೇ ಹರಳು ಎಂದು ನಾಲ್ಕು ಬೆರಳು ತೋರಿಸಿ ಹೇಳಿ ಹೋಗಿದ್ದಳು. ರಮ್ಯಶ್ರೀ, "ನಿಮ್ಮಮ್ಮ, ನೀವೇ ಮಾಡಿ" ಎಂದು ಗಂಡನ ಕೈಗೆ ಪೊಟ್ಟಣ ಕೊಟ್ಟು ಅಡುಗೆಮನೆಗೆ ಹೋದರು.

ಗೌಡರು ಬೋಗುಣಿಗೆ ನೀರು ತುಂಬಿಕೊಂಡು ಬಂದದ್ದನ್ನು ನಾನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ನಾಲ್ಕು ಹರಳು ಹಾಕಿದರು. ನೀರು ತೆಳ್ಳಗೆ ಗುಲಾಬಿಯಾಯಿತು. ಮುಖ ಕಿವುಚಿಕೊಂಡರು.

ನಮ್ಮ ಕಡೆ ಕಬ್ಬಿಗಾಗಲಿ ಭತ್ತಕ್ಕಾಗಲಿ ಔಷಧಿ ಹೊಡೆಯುವಾಗ ಡಬ್ಬಿಯ ಮೇಲೆ ಬರೆದಷ್ಟನ್ನೇ ಯಾರೂ ಹಾಕುವುದಿಲ್ಲ. ಕಂಪನಿಯವರು ಭಯಕ್ಕೆ ಕಮ್ಮಿ ಬರೆದಿರುತ್ತಾರೆ ಎಂದು ಒಂದಕ್ಕೆ ಎರಡು ಸುರಿಯುತ್ತಾರೆ. ಗೌಡರು ಒಂದಕ್ಕೆ ಮೂರು. ಅವರ ಕಬ್ಬಿನ ಗದ್ದೆಯಲ್ಲಿ ಔಷಧಿ ಹೊಡೆದ ದಿನ ನನ್ನ ಗಂಡ ವಾಂತಿ ಮಾಡಿಕೊಂಡೇ ಮನೆಗೆ ಬರುವುದು.

"ನಾಕ್ ಅರಳಲ್ಲಿ ಯಾವ್ ಸರ್ಪ ಸತ್ತದವ್ವ?" ಎಂದು ತಾಯಿಗೆ ಹೇಳಿದರು. "ಬೆನ್ ತಕ್ಕೆ ಬಂದ್ಬುಟ್ಟದೆ. ತಲೆ ಬಾಲ ಕೂಡಕ್ ಮುಂಚೆ ಒಂದೇ ಏಟಿಗೆ ಸುಟ್ಬುಡನ ಇರು." ಗೌಡರ ಕಣ್ಣಲ್ಲಿ ನೀರಿತ್ತು. ಅದನ್ನೂ ಹೇಳುತ್ತೇನೆ, ಕಂಡದ್ದು ಕಂಡ ಹಾಗೆ.

ಅರ್ಧ ಪೊಟ್ಟಣ ಸುರಿದರು. ನೀರು ನೇರಳೆಹಣ್ಣು ಹಿಸುಕಿದ ಹಾಗೆ ಕಪ್ಪಾಯಿತು. ಬರಿಗೈಯನ್ನೇ ಹಾಕಿ ಕಲಕಿದರು.

ಬಾಯಿ ತೆರೆದಿದ್ದೆ ನಾನು. ಬ್ಯಾಡಿ ಬುದ್ದಿ, ಸುಡ್ತದೆ, ಚೆಲ್ಬುಡಿ. ಮಾತು ನಾಲಿಗೆಯ ತುದಿಯ ತನಕ ಬಂದಿತ್ತು. ಅಷ್ಟರಲ್ಲಿ ನನಗೆ ಹೊಳೆದದ್ದು ಬೇರೆ. ನಾಳೆ ಬೆಳಿಗ್ಗೆ ಇದರ ಬೈಗುಳ ಬೀಳುವುದು ಯಾರಿಗೆ? ಬಾಯಿ ಮುಚ್ಚಿಕೊಂಡು ಒಲೆಗೆ ಇನ್ನೊಂದು ಗರಿ ತುರುಕಿದೆ.

ದೊಡ್ಡವ್ವಾರು ಕಿರುಚಿದ್ದು ಡೈರಿಯ ಹತ್ತಿರ ಹಾಲು ಹಾಕಲು ನಿಂತಿದ್ದವರಿಗೂ ಕೇಳಿಸಿತಂತೆ.

ಸೋಮವಾರ ಬೆಳಿಗ್ಗೆ ಪ್ರಿಯಾಂಕ ಬಟ್ಟೆ ಬಿಡಿಸಿ ನೋಡಿ ಹಾಗೇ ಕೂತುಬಿಟ್ಟಳು. ಗುಳ್ಳೆಗಳ ಸುತ್ತ ಒಳ್ಳೆಯ ಚರ್ಮವೂ ಸುಟ್ಟು ಕಂದುಗಟ್ಟಿತ್ತು. "ಯಾರ್ ಸಾರ್ ಇದನ್ನ ಕಲ್ಸಿದ್ದು?" ಎಂದು ಕೇಳಿದಳು. ಕೇಳಬಾರದಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಮಾತು ಯಾರಿಗೆ ಬೇಕು?

"ಯಾರಾ? ನನ್ನೇ ಕೇಳೀಯೇನೆ, ಬೇವರ್ಸಿ ಮುಂಡೆ? ಶನ್ವಾರ ಕಲ್ಸಿ ಮಡಗ್ಬುಟ್ಟು ಓದೋಳು ನೀನು!"

"ಇಲ್ಲ ಸಾರ್. ನಾನ್ ಕಲ್ಸಿದ್ ನೀರು ನಾನೇ ಚೆಲ್ಬುಟ್ಟೋಗಿದ್ದೆ."

"ಎದುರ್ ಮಾತಾಡೀಯಾ?" ಗೌಡರು ಅವಳ ಕೈಯಿಂದ ಬೋಗುಣಿ ಕಿತ್ತು ಅಂಗಳಕ್ಕೆ ಎಸೆದರು. ಅದು ನನ್ನ ಕಾಲ ಹತ್ತಿರ ಬಂದು ಬಿತ್ತು. ಹಾಗೆಯೇ ಗೌಡರೂ ನನ್ನ ಹತ್ತಿರ ಬಂದರು. ಕೊಟ್ಟಿಗೆಯ ಮರೆಗೆ ಕರೆದರು. ಬಲಗೈಗೆ ಟವೆಲ್ಲು ಸುತ್ತಿಕೊಂಡಿದ್ದರು.

"ನೋಡ್ ನಂಜಿ, ನೀನ್ ನೆನ್ನೆ ಒಲೆ ತಾವೇ ಇದ್ದೆ. ಕಂಡಿದ್ದೀಯ."

ನಾನು ತಲೆ ತಗ್ಗಿಸಿದೆ.

"ಕಂಡಿದ್ದು ಶನ್ವಾರ. ಕಲ್ಸಿದ್ದು ಅವಳು. ಅಷ್ಟೇ ಅನ್ನು. ಡಾಕ್ಟ್ರು, ನೆಂಟ್ರು, ಎಲ್ಲಾ ನನ್ ಮೊಕಕ್ಕೆ ಉಗೀತಾರೆ, ಎತ್ತ ತಾಯ್ನೇ ಸುಟ್ಟ ಅಂತ." ಆಮೇಲೆ ದನಿ ಇಳಿಸಿ, ಇಪ್ಪತ್ತೆರಡು ವರ್ಷದಲ್ಲಿ ಆಡದ ಮಾತೊಂದನ್ನು ಆಡಿದರು. "ನಾಳಿಂದ ನೀನೇ ಒಳೀಕೆ ಬಾ. ಅವ್ವನ್ ನೋಡ್ಕೊ. ಕೊಟ್ಗೆಗೆ ಬ್ಯಾರೆಯೋರ್ನ ಮಡಗ್ತೀನಿ."

ಅಂಗಳಕ್ಕೆ ಬಂದೆವು. ಬೇಲಿಯಾಚೆ ಜನ ಸೇರಿದ್ದರು. ಗೌಡರು, "ಯೋಳು ನಂಜಿ, ಕಲ್ಸಿದ್ದು ಯಾರು?" ಅಂದರು. ಪ್ರಿಯಾಂಕ ನನ್ನ ಕಡೆ ನೋಡಿದಳು. ಅಕ್ಕ ಹೇಳಿಬಿಡುತ್ತಾಳೆ ಎಂಬ ಧೈರ್ಯ ಅವಳ ಮುಖದಲ್ಲಿತ್ತು. ಅದನ್ನು ನೋಡಿಯೂ ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಮೇಲೆ ನನಗೇ ಇಲ್ಲದ ನಂಬಿಕೆ ಇವಳಿಗೆ ಯಾಕೆ?

"ಅವ್ಳೇ ಬುದ್ದಿ" ಅಂದೆ.

ಅವಳು ಚಪ್ಪಲಿ ಹಾಕಿಕೊಂಡಳು. ಗೌಡರು ಹಿಂದಿನಿಂದ ಕೂಗಿದರು. "ಮದ್ದೂರ್ ಕ್ಲಿನಿಕ್ಕಿಗೆ ಪೋನ್ ಮಾಡ್ತೀನಿ ಕಣೆ. ಯಾವ್ ಆಸ್ಪತ್ರೇಲಿ ಕಾಲ್ ಮಡಗ್ತೀಯೋ ನೋಡ್ತೀನಿ. ಗುರ್ವಾರ ಜಗ್ಲಿ ಮ್ಯಾಲೆ ನ್ಯಾಯ ಸೇರ್ತದೆ. ಬಂದು ಅವ್ವನ್ ಕಾಲ್ಗೆ ಬಿದ್ದು ತಪ್ಪಾಯ್ತು ಅನ್ಬೇಕು. ಇಲ್ದಿದ್ರೆ ಪೋಲೀಸು."

ಮಂಗಳವಾರ ನಾನು ಕಾಲನ್ನು ಮೂರು ಸಲ ತೊಳೆದುಕೊಂಡು, ಹಬ್ಬಕ್ಕೆ ಉಡುವ ಸೀರೆ ಉಟ್ಟು ಹೊಸ್ತಿಲು ದಾಟಿದೆ. ಒಳಗೆ ನೆಲ ತಣ್ಣಗಿತ್ತು. ಗೋಡೆಗೆ ಟಿವಿ, ಅದರ ಕೆಳಗೆ ಗೌಡರ ತಂದೆಯ ಫೋಟೊ. ಕುರ್ಚಿ ಇತ್ತು. ಕೂತೆ. ಫ್ಯಾನು ತಿರುಗುತ್ತಿತ್ತು. ಗ್ಲೌಸಿನೊಳಗೆ ನನ್ನ ಬೆರಳು ತೂರಲಿಲ್ಲ. ಗಂಟು ಗಂಟಾದ ಬೆರಳು. ಎಳೆದು ಹಾಕಿಕೊಳ್ಳುವಾಗ ಒಂದು ಹರಿಯಿತು. ನಾಲ್ಕು ಹರಳನ್ನು ಎಣಿಸಿ ಹಾಕಿದೆ. ಬಣ್ಣ ಸರಿಯಾಗಿ ಬಂತು. ಅವಳು ಮಾಡಿದ ಹಾಗೆಯೇ, ಸುಟ್ಟ ಜಾಗ ಬಿಟ್ಟು ಒಡೆದ ಗುಳ್ಳೆಯ ಮೇಲೆ ಮಾತ್ರ ಇಟ್ಟೆ. ಕಿಟಕಿಯಲ್ಲಿ ನೋಡಿ ನೋಡಿ ಎಲ್ಲ ಬಾಯಿಪಾಠವಾಗಿತ್ತಲ್ಲ.

ದೊಡ್ಡವ್ವಾರು ಕಣ್ಣು ಬಿಟ್ಟರು. "ಆ ಉಡ್ಗಿ ಎಲ್ಲೇ?"

"ಬರಲ್ಲ ದೊಡ್ಡವ್ವಾರೆ. ನಾನೇ ಇನ್ಮ್ಯಾಲೆ."

"ಅವಳ್ ಕೈ ಅಗೂರ್ವಾಗಿತ್ತು. ನಿಂದು ಮೊರದ್ ಕಡ್ಡಿ."

ನಾನು ಬಟ್ಟೆ ತೆಗೆದೆ. ಆಮೇಲೆ ಅವರೇ ಪಿಸುಗುಟ್ಟಿದರು. "ನನ್ ಮಗ್ನೇ ಸುಟ್ಟಿದ್ದು. ನಂಗೊತ್ತಿಲ್ವಾ? ನೀನೂ ಕಂಡೆ, ಕಿಟ್ಕೀಲಿ ನಿನ್ ಮೊಕ ಕಾಣ್ತಿತ್ತು."

"ಮತ್ಯಾಕೆ ಯೋಳ್ನಿಲ್ಲ ನೀವು?"

"ಎತ್ತೋಳು ಕಣೆ ನಾನು. ನನ್ ಮಗನ್ನ ನಾನ್ ಬುಟ್ಕೊಡ್ತೀನಾ?" ಮುದುಕಿ ನನ್ನ ಮುಖವನ್ನೇ ನೋಡಿದರು. "ನಿನ್ ವಾರ್ಗಿತ್ತೀನ ನೀನ್ಯಾಕ್ ಬುಟ್ಕೊಟ್ಟೆ?"

ಕಾಫಿ ಬಂತು. ಹೂವಿನ ಚಿತ್ರದ ಪೇಪರ್ ಲೋಟದಲ್ಲಿ. ಒಂದು ವಾರ ಕಣ್ಣಲ್ಲೇ ಕುಡಿದಿದ್ದ ಕಾಫಿ ಅದು. ಕುಡಿದು ಮುಗಿಸಿ, ಲೋಟ ಚೆನ್ನಾಗಿದೆ, ತೊಳೆದು ಮನೆಗೆ ಒಯ್ಯೋಣ ಎಂದು ಮಡಿಲಲ್ಲಿ ಇಟ್ಟುಕೊಂಡೆ. ರಮ್ಯಶ್ರೀ ಬಾಗಿಲಲ್ಲಿ ತೊಟ್ಟಿ ಹಿಡಿದು ನಿಂತರು. "ಇಲ್ಲಿ ಹಾಕು. ಅದನ್ನ ಸುಟ್ಟುಬಿಡಬೇಕು." ನಾನೇ ಹಾಕಿದೆ. ತೊಟ್ಟಿಯಲ್ಲಿ ಹಿಂದಿನ ವಾರದ ಲೋಟಗಳು ಗ್ಲೌಸಿನ ಜೊತೆ ಹಾಗೆಯೇ ಬಿದ್ದಿದ್ದವು.

ಸಂಜೆ ಹೊರಡುವಾಗ ರಮ್ಯಶ್ರೀ ಕುರ್ಚಿಯ ಕಡೆ ಗದ್ದ ಎತ್ತಿ ತೋರಿಸಿದರು. "ಅದನ್ನ ಹಿತ್ತಲಿಗೆ ತಗೊಂಡೋಗಿ ತೊಳೆದುಬಿಡು ನಂಜಿ."

"ಇವತ್ತು ಅವಳು ಬಂದಿಲ್ಲ ಅವ್ವಾರೆ. ನಾನೇ ಕುಂತಿದ್ದು."

"ಗೊತ್ತು. ಅದಕ್ಕೇ ಹೇಳ್ತಿರೋದು." ಬಾಟಲಿಯಿಂದ ಹೊಡೆದರು. ಹನಿ ನನ್ನ ಸೀರೆಯ ಮೇಲೂ ಬಿತ್ತು.

ನಾನು ಕೂತ ಕುರ್ಚಿಯನ್ನು ನಾನೇ ಹೊತ್ತುಕೊಂಡು ಹೋದೆ. ಫಿನಾಯಿಲ್ ಸುರಿದೆ. ತೆಂಗಿನ ನಾರು ಕೈಯಲ್ಲಿತ್ತು. ಎಷ್ಟು ಹೊತ್ತಾದರೂ ತಿಕ್ಕಲು ಕೈ ಬರಲಿಲ್ಲ. ಆಮೇಲೆ ತಿಕ್ಕಿದೆ. ಬುಧವಾರವೂ ತಿಕ್ಕಿದೆ.

ಬುಧವಾರ ರಾತ್ರಿ ಪ್ರಿಯಾಂಕನ ಮನೆಯ ಬಾಗಿಲಿಗೆ ಹೋದೆ. ಸ್ವಾಮಿ ಒಳಗಿಂದಲೇ, "ಓಗತ್ತಿಗೆ, ಮೊಕ ತೋರ್ಸ್ಬ್ಯಾಡ" ಅಂದ. ಅವಳು ಹೊರಗೆ ಬಂದಳು. ಅಳುತ್ತಿರಲಿಲ್ಲ.

"ಕ್ಲಿನಿಕ್ಕೋರು ಪೋನ್ ಮಾಡಿದ್ರು" ಅಂದಳು. "ಊರಲ್ಲಿ ಇತ್ಯರ್ಥ ಆದ್ಮ್ಯಾಲೆ ನೋಡನ ಅಂದ್ರು."

"ನಾಳೆ ಕಾಲ್ಗೆ ಬಿದ್ಬುಡ್ಲೇ. ಮುಗ್ದೋಯ್ತದೆ. ನಾವ್ ಎಷ್ಟ್ ಸಲ ಬಿದ್ದಿಲ್ಲ?"

"ನೀನ್ ಬಿದ್ದಿದ್ದೀಯ, ಅಕ್ಕ. ನಾನ್ ಬೀಳಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗಿದ್ದ ಕುರ್ಚಿಗೆ, ಫ್ಯಾನಿಗೆ, ಗ್ಲೌಸಿಗೆ ಕರುಬಿದ್ದೆ. ಆದರೆ ಆ ಮಾತಿಗೆ ಕರುಬಿದ ಹಾಗೆ ಯಾವುದಕ್ಕೂ ಕರುಬಲಿಲ್ಲ. ನನ್ನ ವಯಸ್ಸು ನಲವತ್ತಾರು. ಬೀಳಲ್ಲ ಎಂಬ ಆ ಮೂರು ಅಕ್ಷರ ನನ್ನ ಬಾಯಿಂದ ಒಂದು ದಿನವೂ ಬಂದಿಲ್ಲ.

ಗುರುವಾರ ಹತ್ತು ಗಂಟೆಗೆ ಗೌಡರ ಜಗಲಿಯ ಮೇಲೆ ಹಿರಿಯರು ಕೂತರು. ನಡುವೆ ದೊಡ್ಡಬೀರಯ್ಯ, ಊರಿನ ನ್ಯಾಯಕ್ಕೆಲ್ಲ ಅವರದೇ ಮೊದಲ ಮಾತು. ಚಿಕ್ಕರಸಿನಕೆರೆಯಿಂದ ಗೌಡರ ನೆಂಟರೂ ಬಂದಿದ್ದರು. ದೊಡ್ಡವ್ವಾರನ್ನು ಮಂಚದ ಸಮೇತ ಪಡಸಾಲೆಯ ಬಾಗಿಲಿಗೆ ತಂದು ಮಲಗಿಸಿದ್ದರು, ಬೀಳುವವಳಿಗೆ ಕಾಲು ಹತ್ತಿರ ಸಿಗಲಿ ಎಂದು. ನಮ್ಮ ಜನ ಅಂಗಳದಾಚೆ ಬೇವಿನ ಮರದ ಕೆಳಗೆ ನಿಂತಿದ್ದರು. ಅಂಗಳದ ನಡುವೆ ಬಿಸಿಲಲ್ಲಿ ಪ್ರಿಯಾಂಕ. ಗೌಡರು ಕಂಬಕ್ಕೆ ಒರಗಿದ್ದರು, ಬಲಗೈಗೆ ಅದೇ ಟವೆಲ್ಲು.

"ತಪ್ ಒಪ್ಕಂಡ್ಯೇನವ್ವ?" ಎಂದು ದೊಡ್ಡಬೀರಯ್ಯ ಕೇಳಿದರು.

"ಮಾಡದಿದ್ ತಪ್ಪನ್ನ ಒಪ್ಕಳಲ್ಲ."

"ನೋಡಿದ್ರಾ, ಏಟ್ ಕೊಬ್ಬು ಕೇರಿ ಮುಂಡೇವ್ಕೆ!" ಎಂದು ನೆಂಟರೊಬ್ಬರು ಎದ್ದರು. ದೊಡ್ಡಬೀರಯ್ಯ ಅವರನ್ನು ಕೈಸನ್ನೆಯಲ್ಲಿ ಕೂರಿಸಿದರು. "ಸಾಕ್ಸಿ ಅದೆಯಲ್ಲ. ಬಾ ನಂಜಿ ಇತ್ಲಾಗಿ. ಇನ್ನೊಂದ್ ಸಲ ಎಲ್ರ ಮುಂದೂ ಯೋಳ್ಬುಡು. ಕಲ್ಸಿದ್ದು ಯಾರು?"

ನಾನು ಜಗಲಿಯ ಕೆಳಗೆ ಬಂದು ನಿಂತೆ. ಗೌಡರು ಹುಬ್ಬು ಎತ್ತಿದರು. ಹೇಳು ಎನ್ನುವ ಹಾಗೆ. ಗದ್ದೆಯಲ್ಲಿ ಎತ್ತನ್ನು ತಿರುಗಿಸುವಾಗಲೂ ಅವರು ಹಾಗೆಯೇ ಹುಬ್ಬು ಎತ್ತುತ್ತಾರೆ.

"ಸುಳ್ ಯೋಳ್ದೆ ನಾನು" ಅಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. "ಸೋಮ್ವಾರ ಸುಳ್ ಯೋಳ್ದೆ. ಇವ್ಳು ಊರಲ್ಲೇ ಇರ್ನಿಲ್ಲ. ಕಲ್ಸಿದ್ದು ಗೌಡ್ರು. ಕಬ್ಬಿಗೆ ಒಡ್ದಂಗೆ ಅರ್ಧ ಪೊಟ್ನ ಸುರುದ್ರು. ನಾನ್ ಕಂಡೆ, ಕಂಡೂ ಸುಮ್ಕಿದ್ದೆ. ಇವ್ಳು ಒಳೀಕೋದ್ಲು ಅಂತ ಒಟ್ಟೆಕಿಚ್ಗೆ ಸುಮ್ಕಿದ್ದೆ."

"ಏಯ್ ಸೂಳೆ! ಅನ್ನ ಆಕ್ದೋರ್ ಮನೆಗೇ..." ಗೌಡರು ಮುಂದೆ ಬಂದರು.

"ಸಾಕ್ಸಿ ಬೇಕಲ್ವಾ ಬೀರಯ್ನೋರೆ? ಆ ಟವೆಲ್ ಬಿಚ್ಚಿ ನೋಡಿ. ಕಲ್ಸಿದ್ ಕೈ ಕಂದಾಗದೆ, ವಾರ ಆದ್ರೂ ಓಗಲ್ಲ."

ದೊಡ್ಡಬೀರಯ್ಯ ಎಲೆಯಡಿಕೆ ಚೀಲದೊಳಗೆ ಏನೋ ಹುಡುಕತೊಡಗಿದರು. ಮಂಚದ ಮೇಲೆ ದೊಡ್ಡವ್ವಾರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಗೌಡರ ಟವೆಲ್ಲು ಬಿಚ್ಚಲು ಆ ಜಗಲಿಯ ಮೇಲೆ ಒಬ್ಬ ಗಂಡಸೂ ಇರಲಿಲ್ಲ.

ನಾನೇ ಮೆಟ್ಟಿಲು ಹತ್ತಿದೆ. ಟವೆಲ್ಲು ಎಳೆದು ಗೌಡರ ಮುಂಗೈ ಹಿಡಿದೆ. ಎತ್ತಿ ಹಿಡಿದೆ. ಐದು ಬೆರಳೂ, ಉಗುರಿನ ಸಂದಿಯೂ, ಅಂಗೈಯೂ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು.

"ನೋಡಿ! ಎಲ್ರೂ ನೋಡಿ!"

"ಅಯ್ಯಯ್ಯೋ, ಮುಟ್ಬುಟ್ಳಲ್ಲ!" ಎಂದು ಒಬ್ಬರು ಕೂಗಿದರು. "ಗೌಡ್ರ ಮೈ ಮುಟ್ಬುಟ್ಳು, ಬುಡ್ಸ್ರಲಾ!" ಅಂದರು ಇನ್ನೊಬ್ಬರು. ಕೂತಿದ್ದವರೆಲ್ಲ ಎದ್ದರು. ಬಿಡಿಸಲು ಬಂದವರು ಒಂದು ಗೇಣು ದೂರದಲ್ಲೇ ನಿಂತರು, ಬಿಡಿಸಬೇಕಾದರೆ ನನ್ನನ್ನು ಮುಟ್ಟಬೇಕಲ್ಲ. ಒಬ್ಬನಾದರೂ ಆ ಕಂದು ಬೆರಳುಗಳನ್ನು ನೋಡಲಿಲ್ಲ. ಎಲ್ಲರ ಕಣ್ಣೂ ನನ್ನ ಬೆರಳುಗಳ ಮೇಲೆ.

ಒಳಗಿಂದ ರಮ್ಯಶ್ರೀ ಓಡಿ ಬಂದರು. ಗಂಡನ ಕೈ ನೋಡಿ, ನನ್ನ ಕೈ ನೋಡಿ, ಬಾಟಲಿ ಎತ್ತಿ ಹೊಡೆಯತೊಡಗಿದರು. ಪುಸ್ ಪುಸ್ ಎಂದು ಅವರ ಮುಂಗೈ ಮೇಲೆ, ನನ್ನ ಮುಂಗೈ ಮೇಲೆ, ನನ್ನ ಮುಖದ ಮೇಲೆ. ಕಣ್ಣು ಉರಿಯಿತು.

ಪ್ರಿಯಾಂಕ ಅಂಗಳದಲ್ಲಿ ನಿಂತಲ್ಲೇ ನಿಂತಿದ್ದಳು. ಅವಳು ನನ್ನ ಕಡೆ ನೋಡುತ್ತಿದ್ದಳೋ ಇಲ್ಲವೋ, ಉರಿಯುವ ಕಣ್ಣಿಗೆ ತಿಳಿಯಲಿಲ್ಲ.

"ಬುಡೇ! ಬುಡೇ ಕೈಯ!" ಎಂದು ಗೌಡರು ಎಳೆದರು. ಹುಲ್ಲಿನ ಹೊರೆಗೆ ಹಗ್ಗ ಬಿಗಿದು ಬಿಗಿದು ಗಂಟುಗಟ್ಟಿದ ಬೆರಳು ನನ್ನವು.

"ಬುಡಲ್ಲ" ಅಂದೆ.